ಸಬ್‌ಟೈಟಲ್ ಹಾಕ್ಕೊಂಡು ನೋಡಿದ ಕನ್ನಡ ಸಿನಿಮಾ

ರಜೆಯಲ್ಲಿ ಮನೆ ಟೀವಿಲಿ ‘ಕೆಜಿಎಫ್ ಚಾಪ್ಟರ್ 2’ ಮತ್ತೆ ನೋಡಿದೆ. 2022ರಲ್ಲಿ ಥಿಯೇಟರ್‌ನಲ್ಲಿ ಶಿಳ್ಳೆ ಹೊಡೆದವನೇ ನಾನು. ಈ ಸಲ ಬೇಜಾರಾಯ್ತು. ಆ ಸೌಂಡು, ಅಕ್ಕಪಕ್ಕದವರ ಕೂಗಾಟ ತೆಗೆದ್ರೆ ರಾಕಿಯ ಕತೆ ಅಷ್ಟೇನೂ ತಟ್ಟಲ್ಲ. (ಸೌಂಡ್ ಕಮ್ಮಿ ಮಾಡೋ ಅಂತ ಅಮ್ಮ ಬೈದಿದ್ದೂ ಕಾರಣ ಇರಬಹುದು.)

ಮಾರನೇ ದಿನ ಅಜ್ಜಿ ಜೊತೆ ‘ತಿಥಿ’ ನೋಡಿದೆ. ರಾಮ್ ರೆಡ್ಡಿ ಅವರ 2015ರ ಸಿನಿಮಾ. ನಟಿಸಿರೋರು ಬಹುತೇಕ ಮಂಡ್ಯ ಕಡೆಯ ಹಳ್ಳಿಯವರೇ. 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರೋ ಆತುರ. ಅದಕ್ಕೆ ಬದುಕಿರೋ ಅಪ್ಪ ಗಡ್ಡಪ್ಪನನ್ನೇ ಸತ್ತಿದ್ದಾನೆ ಅಂತ ಕಾಗದದಲ್ಲಿ ತೋರಿಸೋಕೆ ಹೊರಡ್ತಾನೆ. ಗಡ್ಡಪ್ಪನಿಗೋ ಯಾವುದರ ಚಿಂತೆಯೂ ಇಲ್ಲ, ಸುಮ್ಮನೆ ಅಲೀತಾನೆ. ಒಂದು ಫೈಟೂ ಇಲ್ಲದೆ ಇದು ನಮ್ಮನ್ನ ಕೂರಿಸಿಬಿಡ್ತು.

ಆದ್ರೆ ಅಜ್ಜಿ ನಕ್ಕ ಮೇಲೆ ನಾನು ನಗ್ತಿದ್ದೆ. ಯಾಕಂದ್ರೆ ನಾನು ಇಂಗ್ಲಿಷ್ ಸಬ್‌ಟೈಟಲ್ ಓದ್ತಿದ್ದೆ! ಕನ್ನಡ ಸಂಘದಲ್ಲಿ ಇದ್ಕೊಂಡು ಇದನ್ನ ಬರೆಯೋಕೆ ನಾಚಿಕೆ. ಕನ್ನಡ ಸಿನಿಮಾ ದೇಶದ ತುಂಬಾ ಓಡಬೇಕು ಅಂತ ಕ್ಯಾಂಟೀನಲ್ಲಿ ವಾದ ಮಾಡೋ ನನಗೆ ಮಂಡ್ಯದ ಮಾತೇ ಪೂರ್ತಿ ಅರ್ಥ ಆಗಲ್ಲ. ಅರ್ಧದಲ್ಲಿ ಸಬ್‌ಟೈಟಲ್ ಆಫ್ ಮಾಡಿದೆ. ಗೊತ್ತಾಗದ ಕಡೆಯೆಲ್ಲ ಸಿನಿಮಾ ನಿಲ್ಲಿಸಿ ಅಜ್ಜಿನ ಕೇಳಿದೆ. ಥಿಯೇಟರ್‌ನಲ್ಲಿ ಹಾಗೆ ಮಾಡೋಕಾಗಲ್ವಲ್ಲ. ಎರಡು ಗಂಟೆ ಚಿಲ್ಲರೆಯ ಸಿನಿಮಾ ಮುಗಿಯೋಕೆ ಮೂರೂವರೆ ಗಂಟೆ ಹಿಡೀತು.