ನಾಲ್ಕನೆಯ ಶರತ್ತು ಎಲ್ಲಿ?

‘ಅದು ನಿಜಜೀವನ, ಕೊನೆಯಲ್ಲಿ ನೀತಿಯೂ ಇದೆಯಲ್ಲ?’ ಭೂಗತ ಲೋಕದ ಚಲನಚಿತ್ರಗಳನ್ನು ಮಕ್ಕಳೊಡನೆ ಕುಳಿತು ನೋಡುವವರ ಸಮರ್ಥನೆ ಇದು. 1995ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಓಂ’ ಚಿತ್ರವನ್ನು ಅವರು ಮೊದಲು ಉದಾಹರಿಸುತ್ತಾರೆ. ಅದರಲ್ಲಿ ಬೆಂಗಳೂರಿನ ನಿಜವಾದ ರೌಡಿಗಳೇ ನಟಿಸಿದ್ದರು. ಚಿತ್ರ ನೂರಾರು ಬಾರಿ ಮರುಬಿಡುಗಡೆಯಾಯಿತು. ಅಷ್ಟು ಸಲ ಜನರು ಚಿತ್ರಮಂದಿರಕ್ಕೆ ಹೋದದ್ದು ನೀತಿಪಾಠ ಕೇಳಲೆಂದೇ? ಮಚ್ಚು ಬೀಸುವ ಭಂಗಿಯನ್ನು ಅನುಕರಿಸುವ ಹುಡುಗರು ಎಲ್ಲ ಕೇರಿಗಳಲ್ಲೂ ಇದ್ದಾರೆ. ನಮ್ಮ ಮೊಹಲ್ಲಾಗಳೇನೂ ಹೊರತಲ್ಲ.

ಇಂಥ ಚಿತ್ರಗಳು ಸುಳ್ಳನ್ನೇ ತೋರಿಸುತ್ತವೆಂದು ನಾನು ಹೇಳುತ್ತಿಲ್ಲ. ಅರ್ಧ ನಿಜವನ್ನು ತೋರಿಸುತ್ತವೆ. ಕೊಲ್ಲುವವನಿಗೆ ತಾಯಿ, ಪ್ರೇಮ, ಹಾಡು ಎಲ್ಲವೂ ಉಂಟು. ಸತ್ತು ಬಿದ್ದವರಿಗೆ ಬಹುತೇಕ ಹೆಸರೂ ಇರುವುದಿಲ್ಲ. ಪವಿತ್ರ ಕುರ್‌ಆನ್ (17:33) ಅನ್ಯಾಯವಾಗಿ ಹತನಾದವನ ವಾರಸುದಾರನನ್ನು ಮುಂದೆ ತಂದು ನಿಲ್ಲಿಸುತ್ತದೆ. ಅವನಿಗೆ ಹಕ್ಕನ್ನು ಕೊಡುತ್ತದೆ, ಅವನೂ ಮಿತಿ ಮೀರಬಾರದೆಂದು ತಡೆಯುತ್ತದೆ. ತೆರೆಯ ಮೇಲೆ ಆ ವಾರಸುದಾರ ಬರುವುದಾದರೆ ಅವನ ಕೈಯಲ್ಲೂ ಮಚ್ಚೇ ಇರುತ್ತದೆ.

ಇನ್ನು ಆ ಕೊನೆಯ ಪಶ್ಚಾತ್ತಾಪ. ಇಮಾಮ್ ನವವಿ (ರ) ‘ರಿಯಾಳುಸ್ಸಾಲಿಹೀನ್’ನಲ್ಲಿ ತೌಬಾಕ್ಕೆ ಮೂರು ಶರತ್ತುಗಳನ್ನು ಹೇಳಿದ್ದಾರೆ: ಪಾಪವನ್ನು ತೊರೆಯುವುದು, ಅದಕ್ಕಾಗಿ ಮರುಗುವುದು, ಮತ್ತೆ ಮರಳೆನೆಂಬ ದೃಢಸಂಕಲ್ಪ. ಪಾಪದಲ್ಲಿ ಮನುಷ್ಯರ ಹಕ್ಕು ಸೇರಿದ್ದರೆ ನಾಲ್ಕನೆಯದೂ ಬೇಕು: ಆ ಹಕ್ಕಿನ ಋಣ ತೀರಿಸಬೇಕು. ಸಿನಿಮಾದ ರೌಡಿ ಮಚ್ಚನ್ನು ಎಸೆದರೆ ಸಾಕು, ಸಭಾಂಗಣ ಚಪ್ಪಾಳೆ ತಟ್ಟುತ್ತದೆ. ಅವನು ಯಾವ ವಿಧವೆಯ ಬಾಗಿಲು ತಟ್ಟಿದ?

ಮಗ ಮುಂದಿನ ಸಲ ಇಂಥದೊಂದು ಚಿತ್ರ ನೋಡಿ ಎದ್ದಾಗ, ಅದರಲ್ಲಿ ಸತ್ತ ಮೂವರ ಹೆಸರು ಹೇಳೆಂದು ಕೇಳಿ ನೋಡಿ.