ಮೊಜಾರ್ಟ್ ಕೇಳಿದ 36 ಮಂದಿ

ಬಸುರಿಯರು ಮೊಜಾರ್ಟ್ ಸಂಗೀತ ಕೇಳಿದರೆ ಜಾಣ ಮಗು ಹುಟ್ಟುತ್ತದೆಂದು ಇಂದಿಗೂ ನಂಬುವವರಿದ್ದಾರೆ. ಈ ನಂಬಿಕೆಯ ಬೇರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟದ ವರದಿಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಫ್ರಾನ್ಸಿಸ್ ರಾಷರ್ ಮತ್ತು ಸಂಗಡಿಗರು 36 ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಪಿಯಾನೊಗಳ ಸೊನಾಟಾವನ್ನು ಹತ್ತು ನಿಮಿಷ ಕೇಳಿಸಿ, ಮಡಚಿ ಕತ್ತರಿಸಿದ ಕಾಗದವನ್ನು ಬಿಡಿಸಿದರೆ ಹೇಗೆ ಕಾಣುತ್ತದೆಂದು ಊಹಿಸುವಂಥ ಪ್ರಶ್ನೆಗಳನ್ನು ಕೊಟ್ಟರು. ಸುಮ್ಮನೆ ಕುಳಿತಿದ್ದಾಗ ಬಂದದ್ದಕ್ಕಿಂತ ಅಂಕ ಹೆಚ್ಚು ಬಂತು, ನಿಜ. ಆದರೆ ಆ ಹುರುಪು ಹತ್ತು-ಹದಿನೈದು ನಿಮಿಷಗಳಲ್ಲೇ ಇಳಿದುಹೋಯಿತು. ಆ ಪ್ರಯೋಗದಲ್ಲಿ ಹಸುಗೂಸೂ ಇರಲಿಲ್ಲ, ಬಸುರಿಯೂ ಇರಲಿಲ್ಲ. ಇಷ್ಟೂ ಆ ಒಂದೇ ಪುಟದಲ್ಲಿತ್ತು. ತಲೆಬರಹ ಬರೆದವರು ಅದನ್ನು ಪೂರ್ತಿ ಓದಿದ್ದರೆ ಸಾಕಿತ್ತು. ಓದದೆ ಹಬ್ಬಿದ ಸುದ್ದಿ ಸರ್ಕಾರದ ಬೊಕ್ಕಸದವರೆಗೂ ಹೋಯಿತು: 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು 1,05,000 ಡಾಲರ್ ಕೇಳಿದರು. ಮರುವರ್ಷವೇ ಕೆನಡಾದ ಇಬ್ಬರು ಸಂಶೋಧಕರು ಮೌನದ ಬದಲು ಸ್ಟೀಫನ್ ಕಿಂಗ್ ಕಥೆಯನ್ನು ಎದುರಿಗಿಟ್ಟರು. ಕಥೆ ಇಷ್ಟಪಟ್ಟವರು ಕಥೆ ಕೇಳಿದ ಮೇಲೆ, ಸಂಗೀತ ಇಷ್ಟಪಟ್ಟವರು ಸಂಗೀತ ಕೇಳಿದ ಮೇಲೆ ಚೆನ್ನಾಗಿ ಮಾಡಿದರು. ಯಾವುದರೊಂದಿಗೆ ಹೋಲಿಸಿದರು ಎಂಬ ಪ್ರಶ್ನೆಯನ್ನು ಓದುಗರು ಮೊದಲು ಕೇಳಬೇಕಾದದ್ದು ಇದಕ್ಕೇ. ಮೌನದಲ್ಲಿ ಬೇಸತ್ತು ಕುಳಿತವರ ಪಕ್ಕದಲ್ಲಿ ಮನಸ್ಸಿಗೆ ಹಿಡಿಸಿದ ಏನನ್ನಿಟ್ಟರೂ ಅದು ಗೆದ್ದಂತೆ ಕಾಣಬಹುದು. 2010ರಲ್ಲಿ ವಿಯೆನ್ನಾದ ಮನೋವಿಜ್ಞಾನಿಗಳು ಸುಮಾರು 40 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಮೊಜಾರ್ಟ್‌ನದೇ ಎನ್ನಬಹುದಾದ ವಿಶೇಷ ಪರಿಣಾಮ ಕಾಣಲಿಲ್ಲ.