ಹತ್ತು ಕೆಲಸಕ್ಕೆ ಒಂದು ಕಣ್ಣು

ಈಗೀಗ ಹೆಣ್ಣು-ಗಂಡು ನೋಡುವ ಮಾತುಕತೆಯಲ್ಲಿ ಒಂದು ಹೊಸ ಶಬ್ದ ಕೇಳಿಬರುತ್ತಿದೆ. ‘ಹುಡುಗ ಏನು ಮಾಡುತ್ತಾನೆ?’ ಎಂದರೆ ‘ಪುಣೆಯ ಕಂಪನಿಯೊಂದರ ಪಿ.ಎಂ.ಒ.ದಲ್ಲಿ ಇದ್ದಾನೆ’ ಎಂಬ ಉತ್ತರ. ಹಿರಿಯರು ಅದನ್ನು ದಿಲ್ಲಿಯ ಪ್ರಧಾನಮಂತ್ರಿ ಕಚೇರಿ ಎಂದುಕೊಂಡು ಕಣ್ಣರಳಿಸುತ್ತಾರೆ. ಅದಲ್ಲ. ಇದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆಫೀಸು, ಅಂದರೆ ಯೋಜನಾ ನಿರ್ವಹಣಾ ಕಚೇರಿ. ದೊಡ್ಡ ಕಂಪನಿಗಳ ಈ ಪದ್ಧತಿಯಲ್ಲಿ ನಮ್ಮಂಥ ವ್ಯಾಪಾರಿ ಮನೆತನಗಳು ಕಲಿಯಬೇಕಾದದ್ದು ಬಹಳ ಇದೆ. ಆದ್ದರಿಂದ ಈ ತಿಂಗಳು ಅದರ ವಿಚಾರ.

ಮೊದಲು ಒಂದು ಭೇದ ತಿಳಿಯಬೇಕು. ವ್ಯಾಪಾರ ಬೇರೆ, ಯೋಜನೆ ಬೇರೆ. ಅಂಗಡಿ ನಿತ್ಯ ನಡೆಯುವಂಥದು, ಅದಕ್ಕೆ ಮುಗಿಯುವ ದಿನ ಇಲ್ಲ. ಯೋಜನೆಗೆ ಆರಂಭ ಇದೆ, ಕೊನೆ ಇದೆ, ಇಷ್ಟೇ ರೊಕ್ಕ ಎಂಬ ಮಿತಿ ಇದೆ. ಗೋದಾಮು ಕಟ್ಟುವುದು, ದಾಲ್ ಮಿಲ್ ಹಾಕುವುದು, ಪರಊರಲ್ಲಿ ಶಾಖೆ ತೆರೆಯುವುದು, ಲೆಕ್ಕಪತ್ರ ಕಂಪ್ಯೂಟರಿಗೆ ಏರಿಸುವುದು, ಮಗಳ ಲಗ್ನ — ಎಲ್ಲವೂ ಯೋಜನೆಗಳೇ. ನಿತ್ಯದ ವ್ಯಾಪಾರಕ್ಕೆ ಕೀರ್ದಿ ಇದೆ, ಖಾತೆ ಇದೆ, ಮುನೀಮರು ಇದ್ದಾರೆ. ಯೋಜನೆಗೆ ಏನಿದೆ? ಬಹುಪಾಲು ಮನೆಗಳಲ್ಲಿ ಯಜಮಾನರ ತಲೆ ಮತ್ತು ಜೇಬಿನಲ್ಲಿ ಒಂದಿಷ್ಟು ಚೀಟಿ. ಒಂದು ಕೆಲಸವಿದ್ದಾಗ ಇದು ನಡೆಯುತ್ತದೆ. ಮೂರು ಕೆಲಸ ಕೂಡಿ ಬಂದಾಗ ನಡೆಯುವುದಿಲ್ಲ.

ಈ ಪದ್ಧತಿಗೆ ಹೆಸರು ತಂದದ್ದು ಅಮೆರಿಕದ ನೌಕಾಪಡೆ. 1955ರಲ್ಲಿ ಅವರು ಕ್ಷಿಪಣಿ ಕೆಲಸಕ್ಕಾಗಿ ಪ್ರತ್ಯೇಕ ಕಚೇರಿ ತೆರೆದರು, ಮುಂದೆ ಪೋಲಾರಿಸ್ ಎಂಬ ಕ್ಷಿಪಣಿಯ ಹೊಣೆ ಹೊತ್ತದ್ದು ಅದೇ ಕಚೇರಿ. ಕ್ಷಿಪಣಿಯ ಉದ್ದೇಶ ನಮಗೆ ಬೇಡ, ಪದ್ಧತಿಯನ್ನಷ್ಟೇ ನೋಡೋಣ. ಗುತ್ತಿಗೆದಾರರು ಸಾವಿರಗಟ್ಟಲೆ, ಒಬ್ಬನ ಕೆಲಸ ನಿಂತರೆ ಇನ್ನೊಬ್ಬನದೂ ನಿಲ್ಲುವ ಪರಿಸ್ಥಿತಿ. 1958ರಲ್ಲಿ ಆ ಕಚೇರಿ ‘ಪರ್ಟ್’ ಎಂಬ ನಕ್ಷೆಯ ಪದ್ಧತಿ ರೂಪಿಸಿತು. ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ ಎಂದು ಗೆರೆ ಎಳೆದು ತೋರಿಸುವ ನಕ್ಷೆ ಅದು. 1960ರಲ್ಲಿ ಜಲಾಂತರ್ಗಾಮಿಯಿಂದ ಪೋಲಾರಿಸ್ ಹಾರಿತು.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಕೊಂಕಣ ರೈಲ್ವೆ. ಗೋವಾ, ಕಾಸರಗೋಡಿನ ಬಂಧುಗಳು ಆ ದಾರಿಯಲ್ಲಿ ಎಷ್ಟೋ ಸಲ ಪ್ರಯಾಣ ಮಾಡಿದ್ದಾರೆ. ಅದಕ್ಕಾಗಿಯೇ 1990ರ ಜುಲೈಯಲ್ಲಿ ಒಂದು ನಿಗಮ ಸ್ಥಾಪಿಸಿದರು, ಇ. ಶ್ರೀಧರನ್ ಅವರು ಮುಖ್ಯಸ್ಥರು. ಬಂಡವಾಳದಲ್ಲಿ ಕೇಂದ್ರದ ಪಾಲು 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6 ಪ್ರತಿಶತ. ಉಳಿದ ಹಣದ ಬಹುಭಾಗ ಬಾಂಡ್‌ಗಳ ಮೂಲಕ ಎತ್ತಿದ ಸಾಲ. ಸುಮಾರು 740 ಕಿಲೋಮೀಟರ್ ದಾರಿ, ಸುಮಾರು 2000 ಸೇತುವೆ, 90ಕ್ಕೂ ಹೆಚ್ಚು ಸುರಂಗ. ಇಡೀ ದಾರಿಯನ್ನು ಏಳು ಭಾಗ ಮಾಡಿ, ಪ್ರತಿ ಭಾಗಕ್ಕೆ ಒಬ್ಬ ಮುಖ್ಯ ಎಂಜಿನಿಯರರನ್ನು ಹೊಣೆ ಮಾಡಿದರು. ಎಲ್ಲದರ ಲೆಕ್ಕ ಒಂದೆಡೆ ಸೇರುತ್ತಿದ್ದುದು ಮುಖ್ಯ ಕಚೇರಿಯಲ್ಲಿ. ಪಿ.ಎಂ.ಒ. ಎಂಬ ಹೆಸರು ಅದಕ್ಕಿರಲಿಲ್ಲ, ಮಾಡಿದ್ದು ಅದೇ ಕೆಲಸ.

ಐದು ವರ್ಷದ ಗುರಿ ಇಟ್ಟುಕೊಂಡಿದ್ದರು, ಹಿಡಿದದ್ದು ಏಳೂವರೆ ವರ್ಷ. ಗೋವಾದಲ್ಲಿ ದಾರಿಯ ಬಗ್ಗೆ ವಿವಾದ ಎದ್ದಿತು. ಮೆತ್ತನೆಯ ಮಣ್ಣಿನ ಸುರಂಗಗಳು ಮತ್ತೆ ಮತ್ತೆ ಕುಸಿದವು, ಕೆಲಸಗಾರರ ಪ್ರಾಣಹಾನಿಯೂ ಆಯಿತು. ಆದರೂ ಮುಗಿದ ತುಂಡುಗಳ ಮೇಲೆ 1993ರಿಂದಲೇ ರೈಲು ಓಡಿಸುತ್ತ ಬಂದು, 1998ರ ಜನವರಿ 26ಕ್ಕೆ ಇಡೀ ದಾರಿ ತೆರೆದರು. ಕಚೇರಿ ಇದ್ದ ಮಾತ್ರಕ್ಕೆ ವಿಘ್ನ ಬರುವುದಿಲ್ಲ ಎಂದಲ್ಲ. ವಿಘ್ನ ಒಂದು ಕಡೆ ಬಂದಾಗ ಉಳಿದ ಕಡೆಗಳ ಕೆಲಸ ನಿಲ್ಲದಂತೆ ನೋಡಿಕೊಳ್ಳಬಹುದು, ಅಷ್ಟು.

ಇಂಥ ಕಚೇರಿಯ ಮುಖ್ಯ ಕೆಲಸಗಳನ್ನು ಹೀಗೆ ಹೇಳಬಹುದು.

1. ಒಂದೇ ನಮೂನೆ: ಎಲ್ಲ ಯೋಜನೆಗಳ ಅಂದಾಜು, ಖರ್ಚು, ವರದಿ ಒಂದೇ ರೀತಿಯ ಹಾಳೆಯಲ್ಲಿ ಇರಬೇಕು. ಒಬ್ಬ ಚದರ ಅಡಿಯ ಲೆಕ್ಕ, ಇನ್ನೊಬ್ಬ ಬ್ರಾಸಿನ ಲೆಕ್ಕ ತಂದರೆ ಹೋಲಿಸುವುದು ಹೇಗೆ?

2. ವೇಳಾಪಟ್ಟಿ: ಇದರಲ್ಲಿಯೇ ಹೆಚ್ಚು ಲಾಭ. ಗೋದಾಮಿನ ಪಾಯಕ್ಕೆ 20 ದಿನ, ಗೋಡೆಗೆ 30 ದಿನ, ಮೇಲಿನ ಪತ್ರಾ ಕಾರಖಾನೆಯಿಂದ ಬರಲು 45 ದಿನ ಎಂದುಕೊಳ್ಳಿ. ಗೋಡೆ ಮುಗಿದ ಮೇಲೆ ಪತ್ರಾಕ್ಕೆ ಆರ್ಡರ್ ಕೊಟ್ಟರೆ 95ನೆಯ ದಿನಕ್ಕೆ ಪತ್ರಾ ಕೈಗೆ. ಮೊದಲ ದಿನವೇ ಕೊಟ್ಟರೆ 50ನೆಯ ದಿನಕ್ಕೆ ಹೊದಿಸಲು ಶುರು. ಒಂದು ಪೈಸೆ ಹೆಚ್ಚಿಗೆ ಕೊಡದೆ 45 ದಿನ ಉಳಿದವು.

3. ರೊಕ್ಕ ಮತ್ತು ಆಳುಗಳ ಹಂಚಿಕೆ: ಒಂದೇ ಗವಂಡಿ ತಂಡ ಎರಡು ಕಡೆ ನಿಲ್ಲಲಾರದು. ಒಂದೇ ರೊಕ್ಕವೂ ಎರಡು ಕಡೆ ನಿಲ್ಲದು.

4. ಅಪಾಯದ ಪಟ್ಟಿ: ಮಳೆ, ಪರವಾನಗಿ, ಸಿಮೆಂಟಿನ ತೇಜಿ — ಏನೇನು ಕೆಡಬಹುದು ಎಂದು ಮೊದಲೇ ಬರೆದಿಟ್ಟು, ಪ್ರತಿಯೊಂದಕ್ಕೂ ಒಬ್ಬರನ್ನು ಹೊಣೆ ಮಾಡುವುದು.

5. ಬದಲಾವಣೆಯ ಲಗಾಮು: ‘ಇದೊಂದು ಕೋಣೆ ಕೂಡಿಸಿಬಿಡಿ’ ಎಂಬ ಬಾಯಿಮಾತು ಅಂದಾಜನ್ನು ಕೆಡಿಸುತ್ತದೆ. ಎಷ್ಟು ರೊಕ್ಕ, ಎಷ್ಟು ದಿನ ಹೆಚ್ಚು ಎಂದು ಬರೆದು, ಸಹಿ ಆದ ಮೇಲೆಯೇ ಬದಲಾವಣೆ.

6. ಪಾಠದ ದಾಖಲೆ: ಕೆಲಸ ಮುಗಿದ ಮೇಲೆ ಯಾವ ಗುತ್ತಿಗೆದಾರ ಮಾತಿಗೆ ನಿಂತ, ಎಲ್ಲಿ ಅಂದಾಜು ತಪ್ಪಿತು ಎಂದು ಬರೆದಿಡುವುದು. ಮುಂದಿನವರಿಗೆ ಅದೇ ಬಂಡವಾಳ.

ಅಧಿಕಾರದ ದೃಷ್ಟಿಯಿಂದ ಈ ಕಚೇರಿಗಳಲ್ಲಿ ಮೂರು ಬಗೆ. ಕೆಲವು ಕೇಳಿದಾಗ ಸಲಹೆ, ನಮೂನೆ ಕೊಡುತ್ತವೆ. ಕೆಲವು ನಿಯಮ ಪಾಲಿಸಿದ್ದಾರೆಯೇ ಎಂದು ತಪಾಸಣೆ ಮಾಡುತ್ತವೆ. ಇನ್ನು ಕೆಲವು ತಾವೇ ಯೋಜನೆಯನ್ನು ಕೈಗೆತ್ತಿಕೊಂಡು ನಡೆಸುತ್ತವೆ. ಮನೆತನದ ವ್ಯವಹಾರಕ್ಕೆ ನಡುವಿನದು ಸರಿ. ಅಣ್ಣತಮ್ಮಂದಿರ ಕೈಯಿಂದ ಕೆಲಸ ಕಿತ್ತುಕೊಳ್ಳದೆ, ಲೆಕ್ಕವನ್ನು ಮಾತ್ರ ಒಂದೆಡೆ ತರುತ್ತದೆ.

ನನಗೆ ಪರಿಚಯದ ಒಂದು ಮನೆತನದ ಸಂಗತಿ ಹೇಳುತ್ತೇನೆ, ಊರು ಹೆಸರು ಬೇಡ. ಮೂವರು ಅಣ್ಣತಮ್ಮಂದಿರು, ತೊಗರಿ ವ್ಯಾಪಾರ. ಒಂದೇ ವರ್ಷ ದೊಡ್ಡವರು ಗೋದಾಮು, ನಡುವಿನವರು ಹೊಸ ಅಂಗಡಿ, ಸಣ್ಣವರು ಹಳೆಯ ಮನೆಯ ದುರಸ್ತಿ ಹಿಡಿದರು. ಒಬ್ಬರೂ ಅಪ್ರಾಮಾಣಿಕರಲ್ಲ. ಆದರೆ ಮೂವರೂ ರೊಕ್ಕ ಎತ್ತಿದ್ದು ಒಂದೇ ಬ್ಯಾಂಕ್ ಸಿ.ಸಿ. ಖಾತೆಯಿಂದ. ತೊಗರಿ ಪೇಟೆಗೆ ಬರುವ ಹೊತ್ತಿಗೆ ಮಾಲು ಕೊಳ್ಳಲು ಮಿತಿಯೇ ಉಳಿದಿರಲಿಲ್ಲ. ರೊಕ್ಕವೆಲ್ಲ ಇಟ್ಟಿಗೆ-ಸಿಮೆಂಟಿನಲ್ಲಿ. ಸೀಜನ್ ಕೈತಪ್ಪಿತು. ‘ನೀ ಹೆಚ್ಚು ಎತ್ತಿದಿ, ನಾ ಕಡಿಮೆ ಎತ್ತಿದೆ’ ಎಂಬ ಮಾತು ಎದ್ದಿತು. ಊಟದ ಪಂಕ್ತಿ ಬೇರೆಯಾಯಿತು, ವಾಟಣಿಯ ಮಾತು ವಕೀಲರವರೆಗೆ ಹೋಯಿತು.

ಅದನ್ನು ತಡೆದವರು ದೊಡ್ಡವರ ಸೊಸೆ. ಲಗ್ನಕ್ಕೆ ಮೊದಲು ಪುಣೆಯಲ್ಲಿ ಇಂಥದೇ ಕಚೇರಿಯಲ್ಲಿ ಇದ್ದವರು. ಮೂರೂ ಕೆಲಸದ ಚೀಟಿ, ಬಿಲ್ಲು ತರಿಸಿ ಒಂದು ವಹಿಗೆ ಇಳಿಸಿದರು. ಯಾರು ಎಷ್ಟು ಎತ್ತಿದರು, ಎಷ್ಟು ಕೆಲಸ ಆಗಿದೆ, ಇನ್ನೆಷ್ಟು ಬೇಕು — ಮೂರು ಸಾಲಿನಲ್ಲಿ ಎದುರಿಗೆ ಬಂತು. ಅಂತರ ಅಣ್ಣತಮ್ಮಂದಿರು ಭಾವಿಸಿದಷ್ಟು ಇರಲಿಲ್ಲ. ‘ಕಾಕಾ, ಮೂರೂ ಅರ್ಧ ಆಗುವುದಕ್ಕಿಂತ ಒಂದು ಪೂರ್ತಿ ಆಗಲಿ’ ಎಂದು ಆಕೆ ನಡುವಿನವರಿಗೆ ಹೇಳಿದ್ದನ್ನು ಮನೆಯವರೆಲ್ಲ ಒಪ್ಪಿದರು. ಮೊದಲು ಗೋದಾಮು ಮುಗಿಸಿ ಬಾಡಿಗೆಗೆ ಕೊಟ್ಟರು, ಆಮೇಲೆ ಅಂಗಡಿ. ದುರಸ್ತಿ ಮರುವರ್ಷಕ್ಕೆ. ಹೋದ ಸೀಜನ್ ಹೋಯಿತು. ಅಣ್ಣತಮ್ಮಂದಿರು ಇವತ್ತಿಗೂ ಒಂದೇ ಗಾದಿಯ ಮೇಲೆ ಕೂಡುತ್ತಾರೆ.

ಬಡ್ಡಿಯ ಲೆಕ್ಕ ನೋಡಿ. 40 ಲಕ್ಷ ಸಾಲ, ವರ್ಷಕ್ಕೆ 12 ಪ್ರತಿಶತ ಬಡ್ಡಿ ಎಂದರೆ ತಿಂಗಳಿಗೆ 40 ಸಾವಿರ. ನಾಲ್ಕು ತಿಂಗಳು ತಡವಾದರೆ 1 ಲಕ್ಷ 60 ಸಾವಿರ ನೀರಿಗೆ ಹೋದಂತೆ. ಇದರ ಮುಂದೆ ಒಂದು ವಹಿ, ವಾರಕ್ಕೆ ಒಂದು ತಾಸು ಏನು ದೊಡ್ಡದು?

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪೋಲಾರಿಸ್‌ನ ಇತಿಹಾಸ ಬರೆದ ಹಾರ್ವೆ ಸಪೋಲ್ಸ್ಕಿ ಅವರ ಅಭಿಪ್ರಾಯದಲ್ಲಿ, ಪರ್ಟ್ ನಕ್ಷೆಗಳು ಕೆಲಸಕ್ಕಿಂತ ಹೆಚ್ಚಾಗಿ ಹೊರಗಿನವರನ್ನು ಮೆಚ್ಚಿಸಲು ಉಪಯೋಗವಾದವು. ವರದಿ ಬರೆಯುವುದೇ ಕೆಲಸವಾದರೆ ಕಚೇರಿ ಕಾಗದದ ಗಿರಣಿಯಾಗುತ್ತದೆ. ಒಂದು ಸಣ್ಣ ಕೆಲಸಕ್ಕೆ ಕಚೇರಿ ಬೇಡ, ಒಂದು ಹಾಳೆ ಸಾಕು. ಕೆಟ್ಟ ಸುದ್ದಿ ತಂದವರನ್ನು ಯಜಮಾನರು ಗದರಿಸಿದರೂ ಈ ಪದ್ಧತಿ ನಿಲ್ಲುತ್ತದೆ, ಏಕೆಂದರೆ ಮುಂದಿನ ವಾರದಿಂದ ಎಲ್ಲರೂ ‘ಸರಿ ನಡೆದಿದೆ’ ಎಂದೇ ಬರೆಯುತ್ತಾರೆ.

ಎರಡಕ್ಕಿಂತ ಹೆಚ್ಚು ಕೆಲಸ ಕೈಯಲ್ಲಿರುವ ಮನೆಯವರು ಇಷ್ಟು ಮಾಡಿ ನೋಡಬೇಕು. ಯೋಜನೆಗಳಿಗೆ ಪ್ರತ್ಯೇಕ ವಹಿ ಇಡಿ. ವ್ಯಾಪಾರದ ಬಂಡವಾಳವನ್ನು ಕಟ್ಟಡಕ್ಕೆ ಮುಟ್ಟಬೇಡಿ. ಕಟ್ಟಡಕ್ಕೆ ಬೇರೆ ಸಾಲ, ಬೇರೆ ಖಾತೆ. ವಹಿಯ ಹೊಣೆ ಒಬ್ಬರಿಗೇ ಕೊಡಿ. ಅವರು ಮಗನಾಗಲಿ, ಮಗಳಾಗಲಿ, ಸೊಸೆಯಾಗಲಿ, ಲೆಕ್ಕ ಕೇಳುವ ಅಧಿಕಾರ ಅವರಿಗೆ ಪೂರ್ತಿ ಇರಲಿ. ವಾರಕ್ಕೊಮ್ಮೆ ನಿಗದಿಯಾದ ವೇಳೆಗೆ ಎಲ್ಲರೂ ಕೂಡಿ ಮೂರೇ ಪ್ರಶ್ನೆ ಕೇಳಿ: ಏನು ಮುಗಿಯಿತು, ಏನು ನಿಂತಿದೆ, ಯಾರಿಂದ ಏನು ಬೇಕು. ಬರುವ ದೀಪಾವಳಿಗೆ ಹೊಸ ವಹಿ ತರುವಾಗ ಇದಕ್ಕೂ ಒಂದು ಹೆಚ್ಚಿಗೆ ತನ್ನಿರಿ.